ಆಕಾಶದ ಕಲ್ಲೂ ನಮ್ಮ ಭಯವೂ

ಸೂರ್ಯನನ್ನು ಎಂಟು ಗ್ರಹಗಳಲ್ಲದೆ ಲಕ್ಷಾಂತರ ಸಣ್ಣ ಶಿಲಾಖಂಡಗಳೂ ಪ್ರದಕ್ಷಿಣೆ ಮಾಡುತ್ತಿರುವುವು. ಇವುಗಳಿಗೆ ಕ್ಷುದ್ರಗ್ರಹಗಳೆಂದು ಹೆಸರು. ಇವುಗಳಲ್ಲಿ ಕೆಲವು ಭೂಮಿಯ ಮಾರ್ಗಕ್ಕೆ ಸಮೀಪವಾಗಿ ಸಂಚರಿಸುವುವು. ಅಂತಹ ಒಂದರ ವಿಷಯವಾಗಿ ೨೦೨೫ನೆಯ ಇಸವಿಯ ಆರಂಭದಲ್ಲಿ ಲೋಕದಲ್ಲಿ ಬಹಳ ಕಳವಳವುಂಟಾಯಿತು. ಅದು ಬೀಳಬಹುದೆಂದು ಎಣಿಸಿದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯವೂ ಸೇರಿದ್ದುದರಿಂದ, ಮೊಳಕಾಲ್ಮೂರಿನವರಾದ ನಾವೂ ಆ ಸಂಗತಿಯನ್ನು ಸರಿಯಾಗಿ ತಿಳಿದಿರುವುದು ಯುಕ್ತವು.

ಆ ಕ್ಷುದ್ರಗ್ರಹದ ಹೆಸರು ೨೦೨೪ ವೈಆರ್‌೪. ಅದರ ಅಡ್ಡಳತೆ ಸುಮಾರು ೬೦ ಮೀಟರು. ೨೦೨೪ನೆಯ ಡಿಸೆಂಬರ್ ೨೫ರಂದು, ಕ್ರಿಸ್ಮಸ್ ದಿವಸವೇ, ಅದು ಭೂಮಿಯಿಂದ ಸುಮಾರು ೮ ಲಕ್ಷ ೩೦ ಸಾವಿರ ಕಿಲೋಮೀಟರು ದೂರದಲ್ಲಿ ಹಾದುಹೋಯಿತು. ಹಾದುಹೋದ ಎರಡು ದಿವಸಗಳ ತರುವಾಯ ಚಿಲಿ ದೇಶದ ದೂರದರ್ಶಕವೊಂದು ಅದನ್ನು ಕಂಡುಹಿಡಿಯಿತು. ೨೦೩೨ನೆಯ ಡಿಸೆಂಬರ್ ೨೨ರಂದು ಅದು ಭೂಮಿಗೆ ತಾಕುವ ಸಂಭವ ಉಂಟೆಂದು ಗಣಿತದಿಂದ ತೋರಿಬಂತು. ಆ ಸಂಭವವು ೨೦೨೫ನೆಯ ಫೆಬ್ರವರಿ ೧೮ರಂದು ನೂರಕ್ಕೆ ೩.೧ರವರೆಗೆ ಏರಿತು, ೨೪ನೆಯ ತಾರೀಖಿಗೆ ನೂರಕ್ಕೆ ೦.೦೦೪ಕ್ಕೆ ಇಳಿಯಿತು. ಕಲ್ಲು ತನ್ನ ದಾರಿಯನ್ನು ಬದಲಾಯಿಸಿತೇ? ಇಲ್ಲ.

ಕೆಲವೇ ರಾತ್ರಿಗಳ ವೀಕ್ಷಣೆಯಿಂದ ಎಂಟು ವರ್ಷಗಳಾಚೆಯ ಸ್ಥಾನವನ್ನು ಖಚಿತವಾಗಿ ಹೇಳಲಾಗದು. ಇಷ್ಟು ಉದ್ದದ ಪ್ರದೇಶದೊಳಗೆ ಎಲ್ಲಿಯಾದರೂ ಇದ್ದೀತು ಎನ್ನಬಹುದಷ್ಟೆ. ಆ ಪ್ರದೇಶವನ್ನು ನಮ್ಮೂರ ರೇಷ್ಮೆಯ ಸೀರೆಗೆ ಹೋಲಿಸೋಣ. ಹಾಸಿದ ಸೀರೆಯಲ್ಲಿ ಒಂದೇ ಬುಟ್ಟಾ ಇದೆಯೆಂದು ಭಾವಿಸಿರಿ, ಅದೇ ಭೂಮಿ. ಕಲ್ಲು ಸೀರೆಯ ಮೇಲೆ ಎಲ್ಲಿಯೋ ಹಾಯುವುದು. ವೀಕ್ಷಣೆಗಳು ಹೆಚ್ಚಿದಂತೆ ಸೀರೆಯನ್ನು ಎರಡು ತುದಿಗಳಿಂದಲೂ ಮಡಿಸುತ್ತ ಬರುತ್ತೇವೆ. ಹಾಸು ಕಿರಿದಾಗುವುದು, ಬುಟ್ಟಾ ಇದ್ದಷ್ಟೇ ಇರುವುದು. ಆದುದರಿಂದ ಉಳಿದ ಹಾಸಿನಲ್ಲಿ ಬುಟ್ಟಾದ ಪಾಲು ಹೆಚ್ಚುವುದು. ಕಡೆಗೆ ಮಡಿಕೆಯು ಬುಟ್ಟಾವನ್ನೇ ಮುಚ್ಚಿದರೆ ಅಪಾಯವೂ ಇಲ್ಲವಾಗುವುದು. ಸಂಖ್ಯೆಯ ಏರಿಳಿತವೆಲ್ಲ ನಮ್ಮ ತಿಳುವಳಿಕೆ ಬೆಳೆದುದರ ಗುರುತು.

ಹಾಗೆಂದು ಉದಾಸೀನವೂ ಸಲ್ಲದು. ೨೦೧೩ನೆಯ ಫೆಬ್ರವರಿ ೧೫ರಂದು ರಷ್ಯಾದೇಶದ ಚೆಲ್ಯಾಬಿನ್ಸ್ಕ್ ಪಟ್ಟಣದ ಬಳಿ ಸುಮಾರು ೨೦ ಮೀಟರಿನ ಕಲ್ಲೊಂದು ಆಕಾಶದಲ್ಲಿಯೇ ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದುದರಿಂದ ಅದು ಮುಂಚಿತವಾಗಿ ಯಾರಿಗೂ ಕಾಣಿಸಿರಲಿಲ್ಲ. ಮೊದಲು ಬೆಳಕು ಹೊಳೆಯಿತು. ಪಟ್ಟಣಕ್ಕೆ ಗಾಳಿಯ ಹೊಡೆತವು ತಲಪಿದುದು ಎರಡು ನಿಮಿಷಗಳಿಗೂ ಹೆಚ್ಚು ಕಾಲದ ಮೇಲೆ. ಅಷ್ಟರಲ್ಲಿ ಅನೇಕರು ನೋಡಲು ಕಿಟಕಿಗಳ ಬಳಿಗೆ ಬಂದಿದ್ದರು. ಗಾಯಗೊಂಡ ಸುಮಾರು ೧,೫೦೦ ಮಂದಿಯಲ್ಲಿ ಬಹುಮಂದಿಗೆ ತಗಲಿದುದು ಒಡೆದ ಗಾಜು. ಅಲ್ಲಿಯ ಉಪಾಧ್ಯಾಯಿನಿಯೊಬ್ಬರು ತಮ್ಮ ತರಗತಿಯ ೪೪ ಮಕ್ಕಳನ್ನು ಮೇಜುಗಳ ಕೆಳಗೆ ಅವಿತುಕೊಳ್ಳುವಂತೆ ಮಾಡಿದರು. ತಾವು ಗಾಯಗೊಂಡರು, ಮಕ್ಕಳು ಉಳಿದುಕೊಂಡರು.

ಮುಂಚಿತವಾಗಿ ಕಂಡ ಕಲ್ಲಿನ ಗತಿಯನ್ನು ಬದಲಾಯಿಸುವ ಉಪಾಯವೂ ಉಂಟು. ೨೦೨೨ನೆಯ ಸೆಪ್ಟೆಂಬರ್ ೨೬ರಂದು ಅಮೇರಿಕದ ನಾಸಾ ಸಂಸ್ಥೆಯ ನೌಕೆಯೊಂದು, ಬೇರೊಂದು ದೊಡ್ಡ ಕಲ್ಲನ್ನು ಸುತ್ತುತ್ತಿದ್ದ ಡಿಮಾರ್ಫಸ್ ಎಂಬ ಕಲ್ಲಿಗೆ ಡಿಕ್ಕಿ ಹೊಡೆದು, ಅದರ ಸುತ್ತಿನ ಕಾಲವನ್ನು ಅರ್ಧಗಂಟೆಗೂ ಹೆಚ್ಚಾಗಿ ತಗ್ಗಿಸಿತು. ಆದರೆ ಇದಕ್ಕೆ ಮೊದಲು ಕಲ್ಲು ಕಣ್ಣಿಗೆ ಬೀಳಬೇಕಷ್ಟೆ.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಲೋಕಾಂತ್ಯದ ವದಂತಿ ಮನೆಗೆ ಬಂದಾಗ, ಅದರ ಲೆಕ್ಕವೇನೆಂದು ಕೇಳುವ ಅಭ್ಯಾಸವನ್ನು ಹೆಣ್ಣುಮಕ್ಕಳಿಗೆ ಕಲಿಸಿರಿ. ಆಕಾಶದಲ್ಲಿ ಅಪೂರ್ವವಾದ ಬೆಳಕು ಹೊಳೆದರೆ ಕಿಟಕಿಯ ಕಡೆಗೆ ಓಡದೆ ದೂರ ಸರಿಯಬೇಕೆಂದು ತಿಳಿಸಿರಿ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯದಿಂದ ೧೯೮೮ರಲ್ಲಿ ಕಂಡ ಕ್ಷುದ್ರಗ್ರಹವೊಂದು ಗಣಿತಜ್ಞ ರಾಮಾನುಜನ್ ಅವರ ಹೆಸರನ್ನು ಹೊತ್ತಿದೆ. ಆಕಾಶವನ್ನು ನಿರ್ಮಿಸಿದ ದೇವರು ಅದನ್ನು ಅಳೆಯುವ ಬುದ್ಧಿಯನ್ನೂ ನಮಗೆ ದಯಪಾಲಿಸಿದ್ದಾನೆ. ಆ ಕಾರ್ಯಕ್ಕೆ ನಮ್ಮ ಶಾಲೆಯ ಮಗಳೊಬ್ಬಳು ಮುಂದೆ ಬಂದರೆ ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.