ಬೆರಳುದ್ದದ ‘ಶಾರ್ಕ್’ ಬೆರಳುದ್ದವೇ ಇರುವುದಿಲ್ಲ

ಅಕ್ವೇರಿಯಂ ಅಂಗಡಿಯಲ್ಲಿ ಬೆನ್ನಿನ ಮೇಲೆ ಚೂಪು ರೆಕ್ಕೆಯಿರುವ ಬೆಳ್ಳಿ ಬಣ್ಣದ ಮರಿಗಳು ಗುಂಪುಗಟ್ಟಿ ಈಜುವುದನ್ನು ಕಂಡರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಬೆಲೆಯೂ ಕಡಿಮೆ, ಹಾಗಾಗಿ ನಾಲ್ಕಾರು ಮರಿಗಳು ಮನೆಗೆ ಬಂದುಬಿಡುತ್ತವೆ. ಆಮೇಲೆ ನರಳುವುದು ಮೀನು. ಕೊಳ್ಳುವ ಮೊದಲೇ ಕೆಲವು ತಪ್ಪು ಕಲ್ಪನೆಗಳನ್ನು ಬಿಡಬೇಕು.

ತಪ್ಪು ಕಲ್ಪನೆ: ಅಂಗಡಿಯ ಪುಟ್ಟ ಶಾರ್ಕ್ ನಿಜವಾದ ಶಾರ್ಕ್.

ಸತ್ಯ: ಸಿಹಿನೀರಿನ ಟ್ಯಾಂಕ್‌ಗೆಂದು ಸಾಮಾನ್ಯವಾಗಿ ಮಾರುವ ಈ ಮೀನುಗಳಲ್ಲಿ ಒಂದೂ ಶಾರ್ಕ್ ಅಲ್ಲ. ಬಾಲಾ ಶಾರ್ಕ್, ಕೆಂಪು ಬಾಲದ ಶಾರ್ಕ್, ರೇನ್‌ಬೋ ಶಾರ್ಕ್ ಎಲ್ಲವೂ ನಮ್ಮ ಕಾಟ್ಲಾ, ರೋಹುಗಳ ಬಳಗದ ಗೆಂಡೆ ಜಾತಿಯವು. ಇವುಗಳಿಗೆ ಮೂಳೆಯಿದೆ, ನಿಜವಾದ ಶಾರ್ಕ್‌ನ ಅಸ್ಥಿಪಂಜರವೆಲ್ಲ ಮೃದ್ವಸ್ಥಿ. ಬೆಳ್ಳಿ ಬಣ್ಣದ ಇರಿಡಿಸೆಂಟ್ ಶಾರ್ಕ್ ಆಗ್ನೇಯ ಏಷ್ಯಾದ ಮೆಕಾಂಗ್, ಚಾವೊ ಫ್ರಾಯಾ ನದಿಗಳ ಒಂದು ಕ್ಯಾಟ್‌ಫಿಶ್. ಆಂಧ್ರದ ಹೊಂಡಗಳಲ್ಲಿ ಊಟಕ್ಕೆಂದು ಸಾಕುವ, ಹೋಟೆಲ್‌ಗಳಲ್ಲಿ ‘ಬಾಸಾ’ ಎಂದು ತಟ್ಟೆಗೆ ಬರುವ ಪಂಗಾಸಿಯಸ್ ಇದೇ.

ತಪ್ಪು ಕಲ್ಪನೆ: ಟ್ಯಾಂಕ್ ಚಿಕ್ಕದಿದ್ದರೆ ಮೀನೂ ಚಿಕ್ಕದಾಗಿಯೇ ಇರುತ್ತದೆ.

ಸತ್ಯ: ಅತಿ ಹೆಚ್ಚು ಮೀನುಗಳನ್ನು ಕೊಲ್ಲುವ ನಂಬಿಕೆ ಇದು. ಪಂಗಾಸಿಯಸ್ ನದಿಯಲ್ಲಿ 130 ಸೆಂ.ಮೀ.ವರೆಗೆ ಬೆಳೆದು 40 ಕಿಲೋ ದಾಟಬಲ್ಲದು. ಇಕ್ಕಟ್ಟಿನಲ್ಲಿ ಅದರ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದನ್ನು ಹೊಂದಾಣಿಕೆ ಎನ್ನಲಾಗದು, ಅದು ಕಾಯಿಲೆ. ಮೀನಿನ ಕಿವಿರು, ಹಿಕ್ಕೆಗಳಿಂದ ಬರುವ ಅಮೋನಿಯಾ ಕಡಿಮೆ ನೀರಿನಲ್ಲಿ ಬೇಗ ವಿಷದ ಮಟ್ಟ ಮುಟ್ಟುತ್ತದೆ, ನೈಟ್ರೇಟ್ ಏರುತ್ತಾ ಹೋಗುತ್ತದೆ, ಬೆನ್ನು ಬಾಗುತ್ತದೆ. ಇದು ಬೆದರುವ ಮೀನು ಬೇರೆ. ರಾತ್ರಿ ಥಟ್ಟನೆ ದೀಪ ಹಾಕಿದರೆ ನೇರ ಗಾಜಿಗೆ ನುಗ್ಗುತ್ತದೆ. ಮೂತಿಯ ತುದಿ ಕೆಂಪಾಗಿ ಚರ್ಮ ಸುಲಿದಿದ್ದರೆ ಕಾರಣ ಇದೇ.

ಬಾಲಾ ಶಾರ್ಕ್ ಕೂಡ 35 ಸೆಂ.ಮೀ. ಬೆಳೆಯುತ್ತದೆ, ಅದಕ್ಕೆ ತನ್ನದೇ ಗುಂಪು ಬೇಕು, ಮುಚ್ಚಳವಿಲ್ಲದಿದ್ದರೆ ಹೊರಗೆ ಹಾರುತ್ತದೆ. ಮನೆಗೆ ಹೊಂದುವುದು ಕೆಂಪು ಬಾಲದ ಶಾರ್ಕ್. ಮಖಮಲ್ಲಿನಂಥ ಕಪ್ಪು ಮೈ, ಕೆಂಡದ ಬಣ್ಣದ ಬಾಲ, ಉದ್ದ ಸುಮಾರು 12ರಿಂದ 15 ಸೆಂ.ಮೀ. ನಾಲ್ಕು ಅಡಿ ಟ್ಯಾಂಕ್‌ಗೆ ಒಂದೇ ಸಾಕು. ಎರಡು ಬಿಟ್ಟರೆ ಜಾಗಕ್ಕಾಗಿ ಕಾದಾಡುತ್ತವೆ. ಥಾಯ್ಲೆಂಡಿನ ನದಿಗಳಲ್ಲಿ ಇದು ಅಳಿವಿನ ಅಂಚಿನಲ್ಲಿದೆ. ಅಂಗಡಿಗೆ ಬರುವುದು ಫಾರ್ಮ್‌ಗಳಲ್ಲಿ ಮರಿ ಮಾಡಿಸಿದವು.

ತಪ್ಪು ಕಲ್ಪನೆ: ಚಿಕ್ಕ ಜಾತಿಯ ನಿಜವಾದ ಶಾರ್ಕ್‌ಗಳನ್ನು ಮನೆಯಲ್ಲೇ ಸಾಕಬಹುದು.

ಸತ್ಯ: ಜಗತ್ತಿನ ಅತಿ ಚಿಕ್ಕ ಶಾರ್ಕ್‌ಗಳಲ್ಲೊಂದಾದ ಕುಬ್ಜ ಲ್ಯಾಂಟರ್ನ್ ಶಾರ್ಕ್ ಸುಮಾರು 20 ಸೆಂ.ಮೀ. ಮಾತ್ರ ಇರುತ್ತದೆ, ಆದರೆ ಅದರ ವಾಸ ಕೊಲಂಬಿಯಾ, ವೆನೆಜುವೆಲಾ ತೀರದ ಕಡಲಾಳದಲ್ಲಿ. ಗಾಜಿನ ಪೆಟ್ಟಿಗೆಗೆ ಅದು ಬರಲಾರದು. ವಿದೇಶಗಳಲ್ಲಿ ಬಿದಿರು ಶಾರ್ಕ್ ಎಂಬ ನಿಜವಾದ ಶಾರ್ಕ್‌ನ ಮೊಟ್ಟೆ ಮಾರುತ್ತಾರೆ. ಮೊಟ್ಟೆಯ ಕೋಶವನ್ನು ಬೆಳಕಿಗೆ ಹಿಡಿದರೆ ಒಳಗೆ ಮರಿ ಮಿಸುಕಾಡುವುದು ಕಾಣುತ್ತದೆ. ಮನಸ್ಸು ಸೋಲುವುದು ಸಹಜ. ಗೇಣುದ್ದಕ್ಕೂ ಕಡಿಮೆಯಿರುವ ಆ ಮರಿ ಮೀಟರ್‌ನಷ್ಟು ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಎರಡು ದಶಕ ಬಾಳುತ್ತದೆ. ಅದಕ್ಕೆ ಸಾವಿರಾರು ಲೀಟರ್ ಉಪ್ಪುನೀರು ಬೇಕು. ಬೇರೆ ಮೀನುಗಳ ಬಿಳಿಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಔಷಧ ಅದಕ್ಕೆ ವಿಷ.

ತಪ್ಪು ಕಲ್ಪನೆ: ಈಜು ನಿಲ್ಲಿಸಿದರೆ ಶಾರ್ಕ್ ಸಾಯುತ್ತದೆ.

ಸತ್ಯ: ಎಲ್ಲವೂ ಅಲ್ಲ. ತಳದಲ್ಲಿ ವಾಸಿಸುವ ಬಿದಿರು ಶಾರ್ಕ್ ಬಾಯಿಂದ ನೀರೆಳೆದು ಕಿವಿರಿಗೆ ಹಾಯಿಸುತ್ತಾ ಮಲಗಿಯೇ ಉಸಿರಾಡುತ್ತದೆ.

ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ‘ಪೂರ್ತಿ ಬೆಳೆದರೆ ಎಷ್ಟುದ್ದ?’ ಎಂದು ಕೇಳಿ. ಈಗಾಗಲೇ ಮನೆಯಲ್ಲಿ ಪಂಗಾಸಿಯಸ್ ಬೆಳೆದು ನಿಂತಿದ್ದರೆ ದೊಡ್ಡ ಕೊಳವಿರುವವರಿಗೆ ಕೊಡಿ, ಇಲ್ಲವೇ ಅಂಗಡಿಗೇ ಹಿಂದಿರುಗಿಸಿ. ದಯವಿಟ್ಟು ಊರಿನ ಕೆರೆಗೆ ಮಾತ್ರ ಬಿಡಬೇಡಿ. ಅದು ಹೊರಗಿನ ಮೀನು, ಅಲ್ಲಿರುವ ನಮ್ಮ ಮೀನುಗಳ ಆಹಾರಕ್ಕೂ ಜಾಗಕ್ಕೂ ಪಾಲು ಕೇಳುತ್ತದೆ.