ಪುಟ್ಟ ಮನೆಯ ಬೆಕ್ಕಿಗೆ ಹೊಸ್ತಿಲೇ ಗಡಿ

ರಾಯಚೂರು: 2025ರ ಆರಂಭದ ತಿಂಗಳುಗಳಲ್ಲಿ ಜಿಲ್ಲೆಯ ಬೆಕ್ಕುಗಳು ಒಂದರ ಹಿಂದೊಂದು ಸಾಯತೊಡಗಿದಾಗ ಎಫ್‌ಪಿವಿ ಎಂಬ ಹೆಸರು ಇಲ್ಲಿ ಮನೆಮಾತಾಯಿತು. ಫೆಲೈನ್ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಈ ವೈರಾಣು ರೋಗ ಹೊಸದೇನಲ್ಲ. ಆದರೆ ಬೆಕ್ಕಿಗೂ ಲಸಿಕೆ ಉಂಟೆಂಬ ಸಂಗತಿ ಬಹುತೇಕರಿಗೆ ಹೊಸದಾಗಿತ್ತು. ಬೀದಿ ಸುತ್ತಿ ಬರುತ್ತಿದ್ದ ಬೆಕ್ಕನ್ನು ಅಂದಿನಿಂದ ಮನೆಯೊಳಗೇ ಉಳಿಸಿಕೊಳ್ಳಬೇಕೆಂದವರ ಮುಂದೆ ಎದ್ದ ಪ್ರಶ್ನೆ ಇಷ್ಟೆ: ಎರಡು ಕೋಣೆಯ ಮನೆಯಲ್ಲಿ, ರಾಯಚೂರಿನ ಬಿಸಿಲಿನಲ್ಲಿ, ಅದು ನೆಮ್ಮದಿಯಿಂದ ಇದ್ದೀತೇ?

ಇದ್ದೀತು. ಆದರೆ ಬಾಗಿಲು ಹಾಕಿಕೊಂಡ ಮಾತ್ರಕ್ಕೆ ರೋಗದಿಂದ ಪಾರಾದೆವೆಂದು ತಿಳಿಯಬಾರದು. ಈ ವೈರಾಣು ಮನುಷ್ಯರಿಗೆ ಸೋಂಕದಿದ್ದರೂ ಅವರ ಪಾದರಕ್ಷೆ, ಕೈ, ಬಟ್ಟೆಗಳಿಗೆ ಅಂಟಿ ಮನೆ ಹೊಕ್ಕುತ್ತದೆ. ಸೋಂಕಿತ ಬೆಕ್ಕಿನ ಮಲದಿಂದ ಹೊರಬಿದ್ದದ್ದು ಅನುಕೂಲಕರ ಸ್ಥಿತಿಯಲ್ಲಿ ಒಂದು ವರ್ಷದವರೆಗೂ ಜೀವಂತವಾಗಿರಬಲ್ಲದು. ಆದ್ದರಿಂದ ಚಪ್ಪಲಿ ಹೊರಗೇ ಇರಲಿ. ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ, ಬಳಿಕ ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರ ದಾಟುವವರೆಗೆ ಮರುಡೋಸ್ ಕೊಡಿಸುವುದು ರೂಢಿ. ರೇಬಿಸ್ ಲಸಿಕೆ ಇದರಲ್ಲಿ ಸೇರಿಲ್ಲ, ಅದನ್ನು ಪ್ರತ್ಯೇಕವಾಗಿ ಹಾಕಿಸಬೇಕು. ದೇವದುರ್ಗ, ಮಾನ್ವಿಯಂತಹ ತಾಲ್ಲೂಕು ಕೇಂದ್ರದವರು ಬೆಕ್ಕನ್ನು ಹೊತ್ತೊಯ್ಯುವ ಮೊದಲು ಲಸಿಕೆ ಲಭ್ಯವಿದೆಯೇ ಎಂದು ಪಶುವೈದ್ಯರಲ್ಲಿ ವಿಚಾರಿಸುವುದು ಒಳಿತು.

ಮನೆಯೊಳಗಿನ ಬೆಕ್ಕಿನ ಮೊದಲ ಅಗತ್ಯ ಮಲವಿಸರ್ಜನೆಯ ತಟ್ಟೆ. ನಮ್ಮಲ್ಲಿ ಬಹಳಷ್ಟು ಜನ ಮಾಡುವ ತಪ್ಪೂ ಇಲ್ಲಿಯೇ. ಎದುರಿನ ಕಟ್ಟಡ ಕಾಮಗಾರಿಯ ಮರಳು ರಾಶಿಯಿಂದ ಒಂದು ಬುಟ್ಟಿ ತಂದು ಸುರಿದರೆ ಕೆಲಸ ಮುಗಿಯಿತೆಂಬುದು ಸಾಮಾನ್ಯ ನಂಬಿಕೆ. ಆ ರಾಶಿಯೇ ಬಡಾವಣೆಯ ಬೀದಿಬೆಕ್ಕುಗಳ ಶೌಚಾಲಯವೆಂಬುದು ಯಾರಿಗೂ ಹೊಳೆಯುವುದಿಲ್ಲ. ಬಾಗಿಲು ಮುಚ್ಚಿ ದೂರವಿಟ್ಟ ರೋಗವನ್ನು ಬುಟ್ಟಿಯಲ್ಲಿ ಹೊತ್ತು ತಂದಂತಾಗುತ್ತದೆ. ಅಂಗಡಿಯಲ್ಲಿ ಸಿಗುವ ಲಿಟರ್ ದುಬಾರಿಯೆನಿಸಿದರೆ ಹರಿದ ದಿನಪತ್ರಿಕೆಯ ಚೂರುಗಳು ಸಾಕು (ನಮ್ಮ ವೃತ್ತಿಯವರು ಇದಕ್ಕೆ ಬೇಸರಿಸಬೇಕಿಲ್ಲ). ಒಂದು ಬೆಕ್ಕಿದ್ದರೆ ಎರಡು ತಟ್ಟೆ, ಎರಡಿದ್ದರೆ ಮೂರು ಎಂಬುದು ತಜ್ಞರ ಲೆಕ್ಕ. ಪುಟ್ಟ ಮನೆಯಲ್ಲಿ ಅದು ಕಷ್ಟವೆಂದಾದರೆ ಒಂದನ್ನೇ ದಿನಕ್ಕೆರಡು ಬಾರಿ ಶುಚಿಗೊಳಿಸಿ, ಊಟದ ಬಟ್ಟಲಿನಿಂದ ದೂರವಿರಿಸಬೇಕು. ತಟ್ಟೆ ಕೊಳಕಾದರೆ ಬೆಕ್ಕು ಹಾಸಿಗೆಯನ್ನು ಆಯ್ದುಕೊಳ್ಳುತ್ತದೆ, ಅದರ ತಪ್ಪಲ್ಲ.

ಮನೆಯ ಅಳತೆಯನ್ನು ಮನುಷ್ಯ ನೆಲದ ಮೇಲೆ ಲೆಕ್ಕ ಹಾಕಿದರೆ ಬೆಕ್ಕು ಗೋಡೆಯ ಎತ್ತರದಲ್ಲಿ ಲೆಕ್ಕ ಹಾಕುತ್ತದೆ. ಅಟ್ಟದ ಒಂದು ಮೂಲೆ, ಕಪಾಟಿನ ನೆತ್ತಿ, ಹಳೆಯ ಮನೆಗಳ ಗೋಡೆಗೂಡು ಇವಿಷ್ಟನ್ನು ಬಿಟ್ಟುಕೊಟ್ಟರೆ ಮನೆ ಇಮ್ಮಡಿಯಾದಂತೆ. ಕಿಟಕಿಗೆ ಸೊಳ್ಳೆ ಪರದೆ ಸಾಲದು, ಉಗುರಿಗೆ ಅದು ನಿಲ್ಲುವುದಿಲ್ಲ. ತಂತಿ ಜಾಲರಿ ಬೇಕು. ಅವಿತುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಸಂಜೆ ಹತ್ತು ನಿಮಿಷ ದಾರದ ಬೇಟೆಯಾಟ, ಆಟ ಮುಗಿದೊಡನೆ ಊಟ. ಆಟವಾದ ಮೇಲೆ ದಾರವನ್ನು ಎತ್ತಿಡಬೇಕು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ದಾಟುವುದು ವಾಡಿಕೆ. ಬೆಕ್ಕು ಬೆವರುವುದು ಮುಖ್ಯವಾಗಿ ಪಂಜದಡಿಯಲ್ಲಿ ಮಾತ್ರ. ಮಧ್ಯಾಹ್ನ ತಗಡಿನ ಮಾಡಿನಡಿ ಅಥವಾ ಕಾದ ಮಾಳಿಗೆಯಡಿಯ ಕೋಣೆಯಲ್ಲಿ ಅದನ್ನು ಕೂಡಿಹಾಕುವುದು ಅಪಾಯಕಾರಿ. ಫರಸಿ ಹಾಸಿದ ತಂಪು ನೆಲ, ಎರಡು ಮೂರು ಕಡೆ ಮಣ್ಣಿನ ಬಟ್ಟಲಲ್ಲಿ ನೀರು ಇರಬೇಕು. ಬೆಕ್ಕು ನಾಯಿಯಂತೆ ಬಾಯ್ದೆರೆದು ತೇಕತೊಡಗಿದರೆ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ವೈದ್ಯರಲ್ಲಿಗೆ ಧಾವಿಸಬೇಕು.

ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿ ನಮ್ಮ ಭಾಗದ ಬೆಕ್ಕುಗಳ ಪಾರಂಪರಿಕ ಆಹಾರ. ಹೊರಗೆ ಇಲಿ ಹಿಡಿಯುತ್ತಿದ್ದ ಬೆಕ್ಕಿಗೆ ಅದು ಸಾಲುತ್ತಿತ್ತು. ಮನೆಯೊಳಗಿನದ್ದಕ್ಕೆ ಸಾಲದು. ಮುಖ್ಯವಾಗಿ ಮಾಂಸದಲ್ಲಿ ಸಿಗುವ ಟಾರೀನ್ ಎಂಬ ಅಂಶ ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವೂ ಆಗದು. ಬೇಯಿಸಿದ ಮೀನು, ಕೋಳಿಯ ಜೊತೆಗೆ ಬೆಕ್ಕಿಗೆಂದೇ ತಯಾರಿಸಿದ ಆಹಾರವನ್ನೂ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ವರ್ಜ್ಯ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿಗೆ ವಿಷವೇ. ಪಂಜಕ್ಕೆ ಅಂಟಿದ್ದನ್ನು ಅದು ನೆಕ್ಕಿಕೊಳ್ಳುತ್ತದೆ. ಎಫ್‌ಪಿವಿಯನ್ನು ಕೊಲ್ಲಲು ಸ್ಯಾನಿಟೈಸರ್ ಕೂಡ ನೆಚ್ಚುವಂಥದ್ದಲ್ಲ. ಮೊದಲು ಸೋಪಿನಿಂದ ತೊಳೆದು, ಒಂದು ಭಾಗ ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ 32 ಭಾಗ ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಟ್ಟು ಮತ್ತೆ ತೊಳೆಯಬೇಕು. ನೆಲ ಒಣಗುವವರೆಗೆ ಬೆಕ್ಕು ಬೇರೆ ಕೋಣೆಯಲ್ಲಿರಲಿ.

ಊಟ ಬಿಟ್ಟು ಮುದುಡಿ ಕೂರುವುದು, ವಾಂತಿ, ಭೇದಿ, ನೀರಿನ ಬಟ್ಟಲಿನ ಮುಂದೆ ಕುಳಿತೂ ಕುಡಿಯದಿರುವುದು ಎಫ್‌ಪಿವಿ ಲಕ್ಷಣಗಳು. ಚಿಕಿತ್ಸೆ ದೊರೆಯದ ಮರಿಗಳಲ್ಲಿ ಶೇ 90ಕ್ಕೂ ಹೆಚ್ಚು ಸಾಯುತ್ತವೆ. ವೈರಾಣುವನ್ನೇ ಕೊಲ್ಲುವ ಖಚಿತ ಔಷಧವಿಲ್ಲವಾದರೂ ಬೇಗನೆ ಡ್ರಿಪ್ ಹಾಕಿಸಿದಾಗ ಬದುಕಿದ ಬೆಕ್ಕುಗಳಿವೆ. ನಾಳೆ ನೋಡೋಣವೆನ್ನುವಷ್ಟು ಸಮಯವನ್ನು ಈ ರೋಗ ಕೊಡುವುದಿಲ್ಲ. ಈ ರೋಗದಿಂದ ಬೆಕ್ಕು ತೀರಿಕೊಂಡ ಮನೆಗೆ, ಲಸಿಕೆ ಪೂರ್ಣಗೊಳ್ಳದ ಹೊಸ ಮರಿಯನ್ನು ವರ್ಷದೊಳಗೆ ತರಬಾರದು.