ಬೋರ್ಡಿಲ್ಲದ ಬಸ್ಸು, ಪಟ್ಟಿಯಲ್ಲಿಲ್ಲದ ಅಂಗಡಿ

ಬಸ್ ನಿಲ್ದಾಣದ ಎದುರಿನ ಜವಳಿ ಅಂಗಡಿ ಯಜಮಾನರು ಮೊನ್ನೆ ಸಂಜೆ ನಮ್ಮನ್ನು ಕರೆದು ಕೂರಿಸಿ, ಚಹಾ ತರಿಸಿ, ದುಃಖ ತೋಡಿಕೊಂಡರು.

"ನೋಡಿ ಸ್ವಾಮಿ, ಹನ್ನೆರಡು ಸಾವಿರ ಕೊಟ್ಟು ವೆಬ್‌ಸೈಟ್ ಮಾಡಿಸ್ದೆ. ಆರು ತಿಂಗಳಾಯ್ತು. ಗೂಗಲ್‌ನಲ್ಲಿ ಇಳಕಲ್ ಸೀರೆ ಅಂತ ಹುಡುಕಿದ್ರೆ ಎಲ್ಲೆಲ್ಲಿಯವರೋ ಬರ್ತಾರೆ, ನನ್ನ ಅಂಗಡಿ ಮಾತ್ರ ಇಲ್ಲ. ಈಗ ಇನ್ನೊಬ್ಬ ಬಂದು, ಹದಿನೈದು ಸಾವಿರ ಕೊಡಿ, ಮೊದಲನೇ ಸಾಲಿಗೇ ತರ್ತೀನಿ, ಗ್ಯಾರಂಟಿ ಅಂತಾನೆ. ಕೊಡ್ಲೋ ಬೇಡ್ವೋ?"

ಬೇಡವೇ ಬೇಡ ಎಂದೆವು. ಗೂಗಲ್‌ನ ಸಾಮಾನ್ಯ ಪಟ್ಟಿಯಲ್ಲಿ ಕಾಸು ಕೊಟ್ಟು ಮುಂದೆ ಕೂರಲು ಬರುವುದಿಲ್ಲ. ಕಾಸಿಗೆ ಸಿಗುವುದು ಜಾಹೀರಾತಿನ ಜಾಗ, ಅದಕ್ಕೆ ಜಾಹೀರಾತೆಂಬ ಗುರುತೂ ಇರುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಆ ಕಂಪನಿಯೇ ಎಚ್ಚರಿಸಿದೆ.

ಹಾಗಾದರೆ ಅಂಗಡಿ ಕಾಣದ್ದೇಕೆ? ಮೊಬೈಲ್ ತೆಗೆದು ನೋಡಿದೆವು. ಇದ್ದದ್ದು ಒಂದೇ ಪುಟ. ಸೀರೆ, ಪಂಚೆ, ಶಾಲೆಯ ಸಮವಸ್ತ್ರ, ವಿಳಾಸ, ಫೋನ್ ನಂಬರು ಎಲ್ಲವೂ ಒಂದೇ ಬಣ್ಣದ ಚಿತ್ರದೊಳಗೆ. ಮದುವೆ ಸೀಸನ್ನಿನ ಕರಪತ್ರವನ್ನೇ ಫೋಟೊ ಹೊಡೆದು ಅಂಟಿಸಿದ ಹಾಗಿತ್ತು. ಪುಟದ ತಲೆಬರಹವೋ, ಬರೀ 'ಹೋಮ್'!

ಯಂತ್ರದ ಖಾತೆ ಪುಸ್ತಕ

ಗೂಗಲ್‌ನ ಯಂತ್ರ ಒಂದು ಪುಟದ ಕೊಂಡಿ ಹಿಡಿದು ಇನ್ನೊಂದಕ್ಕೆ ಹೋಗುತ್ತದೆ. ಯಾವ ಮಾತು ಯಾವ ಪುಟದಲ್ಲಿದೆ ಎಂದು ದೊಡ್ಡ ಖಾತೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಾವು ಹುಡುಕುವಾಗ ಅದೇನೂ ಲೋಕ ಸುತ್ತಿ ಬರುವುದಿಲ್ಲ, ಆ ಪುಸ್ತಕವನ್ನು ತಿರುವುತ್ತದೆ ಅಷ್ಟೆ. ಅದರಲ್ಲಿ ಬರೆಯದ ಅಂಗಡಿ ಇದ್ದೂ ಇಲ್ಲದಂತೆ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದೀತೆಂದು ನಂಬಿ ಕೂರುವುದು ಸರಿಯಲ್ಲ. ಮುಖ್ಯ ವಿಷಯ ಅಕ್ಷರದಲ್ಲೇ ಇರಬೇಕು.

ಚಿತ್ರದ ಕೆಳಗೆ ಎರಡು ಸಾಲು ಕನ್ನಡವೇನೋ ಇತ್ತು. ನಕಲು ತೆಗೆದು ವಾಟ್ಸಾಪ್‌ನಲ್ಲಿ ಅಂಟಿಸಿದರೆ ಕಲಸುಮೇಲೋಗರದ ಇಂಗ್ಲಿಷ್ ಅಕ್ಷರ! ಹಳೆಯ ಫಾಂಟುಗಳ ಮಹಿಮೆ ಇದು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಗುರುತು. ಯೂನಿಕೋಡ್‌ನಲ್ಲಿ ಕನ್ನಡ ಸೇರಿದ್ದು 1991ರಲ್ಲಿ. ನುಡಿ, ಬರಹ ತಂತ್ರಾಂಶಗಳಲ್ಲೂ ಆ ಸೌಲಭ್ಯ ಇದೆ. ಆದರೂ ಹಳೇ ಫಾಂಟು ಬಿಡದವರು ಇನ್ನೂ ಇದ್ದಾರೆ. ಕನ್ನಡದಲ್ಲಿ ಹುಡುಕುವ ಗಿರಾಕಿಗೆ ಅಂಥ ಪುಟ ಸಿಕ್ಕುವುದಾದರೂ ಹೇಗೆ?

ಮಾಡಬೇಕಾದ್ದೇನು?

ಅಂಗಡಿಯಲ್ಲಿ ಸೀರೆಗೊಂದು ಕಪಾಟು, ಪಂಚೆಗೊಂದು ಕಪಾಟು ಇಡುವುದಿಲ್ಲವೆ? ವೆಬ್‌ಸೈಟಿಗೂ ಅದೇ ಲೆಕ್ಕ. ಒಂದೊಂದು ಬಗೆಯ ಮಾಲಿಗೆ ಒಂದೊಂದು ಪುಟ. ಬಸ್ಸಿಗೆ ಬೋರ್ಡಿದ್ದಂತೆ ಪ್ರತಿ ಪುಟಕ್ಕೂ ತಲೆಬರಹ: 'ಇಳಕಲ್ ಸೀರೆ', ಜೊತೆಗೆ ಊರು ಮತ್ತು ಅಂಗಡಿಯ ಹೆಸರು. ಕೆಳಗೆ ನಾಲ್ಕು ಸಾಲು ವಿವರ: ಹತ್ತಿಯದೋ, ರೇಷ್ಮೆ ಸೆರಗಿನದೋ, ಬೆಲೆ ಎಷ್ಟರಿಂದ ಶುರು. ಗಿರಾಕಿ ಬಾಯಲ್ಲಿ ಬರುವ ಮಾತನ್ನೇ ಬರೆಯಿರಿ. ಇಳಕಲ್ ಎನ್ನುವವರಿದ್ದಾರೆ, ಇಲಕಲ್ ಎನ್ನುವವರೂ ಇದ್ದಾರೆ. ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಹೆಸರಿರಲಿ. ಹಾಗಂತ ಒಂದೇ ಮಾತನ್ನು ಐವತ್ತು ಸಲ ತುರುಕಬೇಡಿ, ಯಂತ್ರ ಅದನ್ನು ಮೋಸವೆಂದೇ ಎಣಿಸುತ್ತದೆ.

ಮೊದಲ ಪುಟದಿಂದ ಉಳಿದ ಎಲ್ಲ ಪುಟಗಳಿಗೂ ಕೊಂಡಿ ಇರಬೇಕು. ದಾರಿಯಿಲ್ಲದ ಹಳ್ಳಿಗೆ ಬಸ್ಸು ಹೋಗುತ್ತದೆಯೇ? ಪುಟಗಳ ವಿಳಾಸವನ್ನೆಲ್ಲ ಒಂದೆಡೆ ಬರೆದಿಡುವ 'ಸೈಟ್‌ಮ್ಯಾಪ್' ಎಂಬ ಪಟ್ಟಿಯೂ ಉಂಟು. ಗೂಗಲ್ ಇದನ್ನು 2005ರಲ್ಲಿ ಶುರು ಮಾಡಿತು, ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. 'ಸರ್ಚ್ ಕನ್ಸೋಲ್' ಎಂಬ ಕಡೆ ಪಟ್ಟಿ ಕೊಡಬಹುದು, ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ತಮಾಷೆ ಕೇಳಿ. ಕೆಲಸ ನಡೆಯುವಾಗ ಯಾರೂ ನೋಡದಿರಲೆಂದು ವೆಬ್‌ಸೈಟಿಗೆ 'ನೋಇಂಡೆಕ್ಸ್' ಎಂಬ ಆಜ್ಞೆ ಹಾಕಿರುತ್ತಾರೆ. ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ ಷಟರ್ ಎಳೆದುಕೊಂಡು ವ್ಯಾಪಾರಕ್ಕೆ ಕೂತಂತೆ. ನಿಮ್ಮ ಗತಿ ಹೇಗಿದೆ ಎಂದು ನೀವೇ ನೋಡಿಕೊಳ್ಳಬಹುದು. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' ಎಂದು ಬರೆದು, ಮೇಲೊಂದು ಕೆಳಗೊಂದು ಚುಕ್ಕಿಯಿಟ್ಟು, ಜಾಗ ಬಿಡದೆ ವಿಳಾಸ ಬರೆಯಿರಿ. ಪುಟಗಳು ಬಂದರೆ ಪುಸ್ತಕದಲ್ಲಿದ್ದೀರಿ. ಏನೂ ಬರದಿದ್ದರೆ ವೆಬ್‌ಸೈಟ್ ಮಾಡಿಕೊಟ್ಟವರನ್ನು ಹಿಡಿದು ಕೇಳಿ. ಹೊಸ ಪುಟವಾದರೆ ಕೆಲ ದಿನ, ಕೆಲವೊಮ್ಮೆ ವಾರಗಟ್ಟಲೆ ತಾಳ್ಮೆ ಬೇಕು.

ಯಜಮಾನರು ಇನ್ನೊಂದು ಚಹಾ ಹೇಳಿದರು. "ಹದಿನೈದು ಸಾವಿರ ಉಳೀತು. ಇಷ್ಟು ಮಾಡಿದ್ರೆ ಮೊದಲನೇ ಸಾಲಿಗೆ ಬರುತ್ತೋ?"

ಆ ಗ್ಯಾರಂಟಿ ನಾವೂ ಕೊಡಲಾರೆವು ಸ್ವಾಮಿ. ಬೋರ್ಡು ಹಾಕಿದ ಬಸ್ಸೆಲ್ಲ ತುಂಬಿಕೊಂಡೇ ಹೋಗುವುದಿಲ್ಲ. ಆದರೆ ಬೋರ್ಡಿಲ್ಲದ ಬಸ್ಸಿಗೆ ಯಾರೂ ಕೈ ಅಡ್ಡ ಹಾಕುವುದಿಲ್ಲ.